ಬಂಡಿಯಲ್ಲಿ ಹೋದ ಕೌದಿಗಳು



ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಥೆಪುಸ್ತಕಗಳು ಕನ್ನಡಕ್ಕೂ ಬಂದಿವೆ. ಇಲ್ಲಿ ಕೂತವರಲ್ಲಿ ಕೆಲವರು ಚಿಕ್ಕಂದಿನಲ್ಲಿ ಓದಿರಬಹುದು. ಅವುಗಳಲ್ಲೊಂದರಲ್ಲಿ, ಕಾನ್ಸಸ್ಸಿನ ಹುಲ್ಲುಗಾವಲಿನಲ್ಲಿ ಲಾರಾಳ ಕುಟುಂಬ ಮರದ ದಿಮ್ಮಿಗಳ ಮನೆ ಕಟ್ಟಿಕೊಳ್ಳುತ್ತದೆ. ಬಾಗಿಲು ಇನ್ನೂ ಕೂರಿಸಿಲ್ಲ. ಹೊರಗೆ ತೋಳಗಳ ಹಿಂಡು. ಬಾಗಿಲ ಜಾಗದಲ್ಲಿ ಇಳಿಬಿಟ್ಟ ಒಂದು ಕೌದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರ ಅಂಥ ಕೌದಿಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಅವುಗಳನ್ನು ಹಾಡಿಹೊಗಳಿದ ಬರಹಗಳಿಗೆ ಲೆಕ್ಕವಿಲ್ಲ. ಆ ಹೊಗಳಿಕೆಯ ಅಡಿಯಲ್ಲಿ ದುಡಿಮೆ ಮುಚ್ಚಿಹೋಯಿತು ಎಂಬುದು ನನ್ನ ತಕರಾರು.

ಮೊದಲು ದಾರಿಯ ವಿಷಯ. ಮಿಸೌರಿಯ ಇಂಡಿಪೆಂಡೆನ್ಸ್ ಊರಿನಿಂದ ಆರೆಗನ್ನಿನ ವಿಲಾಮೆಟ್ ಕಣಿವೆಗೆ ಸುಮಾರು 3,200 ಕಿಲೋಮೀಟರು. ಎತ್ತಿನ ಬಂಡಿಯಲ್ಲಿ ಐದಾರು ತಿಂಗಳು. 1843ರಿಂದ ದೊಡ್ಡ ದೊಡ್ಡ ಗುಂಪುಗಳೇ ಹೊರಟವು. ಬಂಡಿ ಎಂದರೆ ಸುಮಾರು ಹತ್ತಡಿ ಉದ್ದ, ನಾಲ್ಕಡಿ ಅಗಲ. ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ನೇಗಿಲು ತುಂಬಿದ ಮೇಲೆ ಕೂರಲು ಜಾಗವೆಲ್ಲಿ? ಹೆಂಗಸರೂ ಮಕ್ಕಳೂ ಬಹುಪಾಲು ದಾರಿಯನ್ನು ನಡೆದೇ ಸವೆಸಿದರು. ಸಂಜೆ ಬೆಂಕಿಯ ಪಕ್ಕ ಕೂತು ಕೌದಿ ಹೊಲಿಯುವ ಹೆಂಗಸಿನ ಚಿತ್ರ ಕ್ಯಾಲೆಂಡರಿಗೆ ಚೆಂದ. ಆ ಹೊತ್ತಿನಲ್ಲಿ ಆಕೆ ಕಾಡೆಮ್ಮೆಯ ಒಣ ಸಗಣಿ ಆಯ್ದು ತಂದು, ಗಾಳಿಯಲ್ಲಿ ಒಲೆ ಹಚ್ಚಿ, ಅಷ್ಟು ಜನಕ್ಕೆ ಬೇಯಿಸಿ ಹಾಕುತ್ತಿದ್ದಳು. ದಾರಿಯಲ್ಲೂ ಕೆಲವರು ತುಂಡು ಜೋಡಿಸಿದ್ದುಂಟು. ಆದರೆ ಹೆಚ್ಚಿನ ಕೌದಿಗಳು ಸಿದ್ಧವಾದದ್ದು ಹೊರಡುವ ಮುಂಚೆ, ಇಲ್ಲವೇ ನೆಲೆ ನಿಂತ ಮೇಲೆ.

ಹೊರಡುವಾಗ ಕೆಲವರಿಗೆ ನೆಂಟರಿಷ್ಟರು ಹೆಸರಿನ ಕೌದಿ ಕೊಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಚೌಕ. ಅದರ ನಡುವೆ ಅಳಿಸಿಹೋಗದ ಶಾಯಿಯಲ್ಲಿ ಅವರ ಸಹಿ. 1840ರ ದಶಕದಲ್ಲಿ ಇದು ಜೋರಾಗಿತ್ತು. ಪಶ್ಚಿಮಕ್ಕೆ ಹೋದವಳು ತವರಿಗೆ ಮರಳುವ ನಂಬಿಕೆ ಹೆಚ್ಚಿನವರಿಗೆ ಇರಲಿಲ್ಲ. ಅಂಥ ಕೌದಿ ಪೆಟ್ಟಿಗೆಯ ತಳದಲ್ಲಿರುತ್ತಿತ್ತು. ದಿನಬಳಕೆಯವು ಪಿಂಗಾಣಿ ಒಡೆಯದಂತೆ ಸುತ್ತಲು, ಬಂಡಿಯ ಸಂದಿಯಿಂದ ನುಗ್ಗುವ ಧೂಳನ್ನು ತಡೆಯಲು, ಹೆರಿಗೆಯ ಹೊತ್ತಿಗೆ ಮರೆ ಕಟ್ಟಲು. 1849ರಿಂದ ಮೂರು ನಾಲ್ಕು ವರ್ಷ ಆ ದಾರಿಯುದ್ದಕ್ಕೂ ಕಾಲರಾ ಹಬ್ಬಿತ್ತು. ಮರವೇ ಇಲ್ಲದ ಬಯಲಿನಲ್ಲಿ ಶವಪೆಟ್ಟಿಗೆಗೆ ಹಲಗೆ ಸಿಗದು. ಸತ್ತವರನ್ನು ಕೌದಿಯಲ್ಲಿ ಸುತ್ತಿ ಹೂತು, ಬಂಡಿ ಹೊಡೆದುಕೊಂಡು ಮುಂದೆ ಹೋಗುತ್ತಿದ್ದರು.

ಇನ್ನು ಹೊಲಿಯುವ ಬಗೆ. ನಮ್ಮ ಉತ್ತರ ಕರ್ನಾಟಕದ ಕೌದಿ ಹಳೆಯ ಸೀರೆ, ಧೋತರಗಳ ಪದರ. ನೆಲದ ಮೇಲೆ ಹರವಿಕೊಂಡು ಹೊಲಿದರೆ ಆಯಿತು. ಆ ವಲಸಿಗ ಹೆಂಗಸರ ಕೌದಿಯಲ್ಲಿ ಮೇಲೆ ತುಂಡು ಜೋಡಿಸಿದ ಪದರ, ನಡುವೆ ಹಿಂಜಿದ ಹತ್ತಿ ಅಥವಾ ಉಣ್ಣೆ, ಕೆಳಗೆ ಅಸ್ತರ. ಮೂರನ್ನೂ ಮರದ ಚೌಕಟ್ಟಿಗೆ ಬಿಗಿದು ಹೊಲಿಯಬೇಕು. ಒಂದೇ ಕೋಣೆಯ ಮನೆಯಲ್ಲಿ ಆ ಚೌಕಟ್ಟನ್ನು ರಾತ್ರಿ ಹಗ್ಗದಿಂದ ಸೂರಿಗೆ ಎಳೆದು ಕಟ್ಟಿ, ಅದರ ಕೆಳಗೆ ಮಲಗುತ್ತಿದ್ದರು. ಚಳಿ ಮೊದಲೇ ಬಂದುಬಿಟ್ಟರೆ ಸಣ್ಣ ಹೊಲಿಗೆಗೆ ಪುರುಸೊತ್ತಿಲ್ಲ. ಅಲ್ಲಲ್ಲಿ ದಾರ ತೂರಿಸಿ ಗಂಟು ಹಾಕಿ ಮುಗಿಸುವುದು. ಅಂಥವು ಹರಿದು ಹೋಗುವವರೆಗೆ ಬಳಕೆಯಾದವು. ಮ್ಯೂಸಿಯಂಗಳಲ್ಲಿ ಉಳಿದಿರುವುದು ಹೆಚ್ಚಾಗಿ ಅತಿಥಿಗಳಿಗೆಂದು ಎತ್ತಿಟ್ಟ ಒಳ್ಳೆಯ ಕೌದಿಗಳು. ಅವನ್ನಷ್ಟೇ ನೋಡಿ ಆ ಹೆಂಗಸರ ಬದುಕನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಬಡತನದಿಂದಲೇ ಚಿಂದಿ ಕೌದಿ ಹುಟ್ಟಿತು ಎನ್ನುವುದೂ ಅರ್ಧ ಸತ್ಯ. ಮ್ಯಾಸಚೂಸೆಟ್ಸಿನ ಲೋವೆಲ್‌ನಂಥ ಊರುಗಳ ಗಿರಣಿಗಳಿಂದ ಅಗ್ಗದ ಚೀಟಿ ಬಟ್ಟೆ ಬಂದ ಮೇಲೆಯೇ ಈ ಕೌದಿಗಳು ಮನೆಮನೆಗೂ ಹರಡಿದ್ದು. ಆ ಗಿರಣಿಗಳಿಗೆ ಹತ್ತಿ ಬರುತ್ತಿದ್ದುದು ದಕ್ಷಿಣದಿಂದ, ಕಪ್ಪು ಗುಲಾಮರ ಕೈಯಿಂದ. ಇನ್ನು ವಲಸಿಗರು ಹೋಗಿ ನೆಲೆಸಿದ ನೆಲ ಮೂಲನಿವಾಸಿಗಳದ್ದು. ಕಾಡೆಮ್ಮೆಗಳನ್ನು ಬಿಳಿಯರು ಕೊಂದು ಮುಗಿಸಿದ ಮೇಲೆ ಲಕೋಟಾ ಎಂಬ ಮೂಲನಿವಾಸಿ ಜನಕ್ಕೆ ಹೊದೆಯಲು ಅದರ ಚರ್ಮ ಸಿಗದಾಯಿತು. ಲಕೋಟಾ ಹೆಂಗಸರು ಮಿಷನರಿಗಳಿಂದ ಹೊಲಿಗೆ ಕಲಿತು, ದೊಡ್ಡ ನಕ್ಷತ್ರದ ಕೌದಿಗಳನ್ನು ತಮ್ಮದಾಗಿಸಿಕೊಂಡರು. ಸಾವಿನ ಮನೆಯಲ್ಲಿ, ಗೌರವದ ಉಡುಗೊರೆಯಲ್ಲಿ ಚರ್ಮದ ಜಾಗಕ್ಕೆ ಅವು ಬಂದವು, ಇವತ್ತಿಗೂ ಇವೆ. ಪಶ್ಚಿಮದ ಕೌದಿಯ ಕಥೆಯಲ್ಲಿ ಇವರನ್ನು ಬಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ನೆಬ್ರಾಸ್ಕ, ಕಾನ್ಸಸ್ಸಿನಲ್ಲಿ ವಲಸಿಗರು ಹುಲ್ಲಿನ ಬೇರು ಹಿಡಿದ ಮಣ್ಣನ್ನೇ ಇಟ್ಟಿಗೆಯಾಗಿ ಕತ್ತರಿಸಿ ಮನೆ ಕಟ್ಟಿದರು. ಸೂರಿನಿಂದ ಮಣ್ಣು ಉದುರುತ್ತಿತ್ತು, ಮಳೆ ಬಂದರೆ ಕೆಸರು. ಅಲ್ಲಿ ಕೌದಿಯೇ ಗೋಡೆ, ಕೌದಿಯೇ ಪರದೆ. 1874ರ ಬೇಸಿಗೆಯಲ್ಲಿ ಮಿಡತೆಗಳ ದಂಡು ಇಳಿದಾಗ ಹೆಂಗಸರು ತರಕಾರಿ ಮಡಿಗಳ ಮೇಲೆ ಕೌದಿಗಳನ್ನು ಹೊದಿಸಿದರು. ಮಿಡತೆಗಳು ಮೊದಲು ಕೌದಿ ತಿಂದವು, ಆಮೇಲೆ ತರಕಾರಿ.

ಇನ್ನು ಮೊದಲು ಹೇಳಿದ ಹೊಗಳಿಕೆಯ ವಿಷಯ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕೌದಿಗಳನ್ನು ಅಮೂರ್ತ ವರ್ಣಚಿತ್ರಗಳ ರೀತಿಯಲ್ಲಿ ಗೋಡೆಗೆ ತೂಗುಹಾಕಿತು. ವಿಮರ್ಶಕರು ಬೆರಗಾದರು. ಹೊಲಿದವರ ಹೆಸರು ಮಾತ್ರ ಬಹುಪಾಲು ಇರಲಿಲ್ಲ. ಊರೂರಿಗೆ ಹೋಗಿ ಇದನ್ನು ಯಾರು ಹೊಲಿದರು ಎಂದು ಕೇಳಿ ದಾಖಲಿಸುವ ಕೆಲಸ 1981ರಲ್ಲಿ ಕೆಂಟಕಿಯಲ್ಲಿ ಶುರುವಾಯಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ನನ್ನ ಮಟ್ಟಿಗೆ ಇದೇ ದೊಡ್ಡ ಕೆಲಸ.

ಹೆಸರು ಉಳಿದ ಒಬ್ಬಳ ವಿಷಯ ಹೇಳಿ ಮುಗಿಸುತ್ತೇನೆ: ಅಬಿಗೇಲ್ ಸ್ಕಾಟ್ ಡನಿವೇ. 1852ರಲ್ಲಿ, ಹದಿನೇಳರ ಹುಡುಗಿಯಾಗಿ, ಇಲಿನಾಯ್‌ನಿಂದ ಆರೆಗನ್ನಿಗೆ ಹೊರಟಳು. ದಿನಚರಿ ಬರೆಯುವ ಕೆಲಸ ಅಪ್ಪ ಇವಳಿಗೆ ವಹಿಸಿದ್ದ. ದಾರಿಯಲ್ಲಿ ಅಮ್ಮ ಕಾಲರಾಕ್ಕೆ ಬಲಿಯಾದಳು, ಪುಟ್ಟ ತಮ್ಮನೂ ತೀರಿಕೊಂಡ. ಮುಂದೆ ಗಂಡ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ನಿಂತು ಹೊಲ ಕಳೆದ. ಹೆಂಡತಿಯ ಒಪ್ಪಿಗೆಯನ್ನು ಕಾನೂನು ಕೇಳುತ್ತಿರಲಿಲ್ಲ. ಸಾಲ ತೀರಿಸುವ ಭಾರ ಮಾತ್ರ ಆಕೆಯ ಮೇಲೂ ಬಿತ್ತು. ಅಬಿಗೇಲ್ ಶಾಲೆ ನಡೆಸಿದಳು, ಟೋಪಿ ಅಂಗಡಿ ಇಟ್ಟಳು, 1871ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹೆಂಗಸರ ಹಕ್ಕಿಗಾಗಿ ಪತ್ರಿಕೆ ತೆಗೆದಳು. ಅದೇ ಪತ್ರಿಕೆಯಲ್ಲಿ 1880ರಲ್ಲಿ ಕೌದಿಯ ಬಗ್ಗೆ ಬರೆದದ್ದು ಖಾರವಾಗಿದೆ. ತಾನೂ ಒಂದೆರಡು ಡಜನ್ ಹೊಲಿದವಳೇ, ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟೆ. ಬಟ್ಟೆಯ ಚೂರನ್ನು ಇನ್ನೂ ಚೂರು ಮಾಡಿ ಮತ್ತೆ ಜೋಡಿಸುವುದು ದಡ್ಡರ ಕೆಲಸ, ಕೂಲಿಯಿಲ್ಲದ ಹೆಣ್ಣಿನ ಅಡಿಯಾಳುತನದ ಗುರುತು, ಎಂಬ ಧಾಟಿ.

ಆದರೆ ಆಕೆಯದೇ ಒಂದು ಷಟ್ಕೋನದ ಕೌದಿ ಆರೆಗನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ತುಂಡು ಜೋಡಿಸಿದ್ದು 1869ರಲ್ಲಿ, ಅಂದರೆ ಬಿಟ್ಟೆ ಎಂದ ಕಾಲದ ಎಷ್ಟೋ ವರ್ಷ ಆಮೇಲೆ. ಮುಗಿಸಿದ್ದು 1900ರಲ್ಲಿ, ಮತದಾನದ ಹಕ್ಕಿನ ಚಳವಳಿಯ ನೆರವಿಗೆ. ಸಂಪಾದಕಿ ಸುಳ್ಳು ಹೇಳಿದಳೆಂದು ನಗುವವರಿದ್ದಾರೆ. ನಾನು ನಗುವುದಿಲ್ಲ; ಆಕೆಯ ಸಿಟ್ಟು ಸೂಜಿಯ ಮೇಲಿರಲಿಲ್ಲ, ಕೂಲಿಯಿಲ್ಲದ ದುಡಿಮೆಯ ಮೇಲಿತ್ತು. ಈ ಕೌದಿ ಯಾರಿಗೆ, ಯಾತಕ್ಕೆ ಎಂದು ತೀರ್ಮಾನಿಸಿದವಳು ಆಕೆಯೇ. 1912ರಲ್ಲಿ ಆರೆಗನ್ನಿನ ಹೆಂಗಸರಿಗೆ ಮತದ ಹಕ್ಕು ಬಂದಾಗ ಆ ಘೋಷಣೆಯನ್ನು ಬರೆಯುವ ಕೆಲಸ ಬಂದದ್ದೂ ಆಕೆಯ ಪಾಲಿಗೇ. ಆಗ ಆಕೆಗೆ ಎಪ್ಪತ್ತೆಂಟು ವರ್ಷ.