ಹುಸೇನ್ ಸಾಗರ: ನಗರಕ್ಕಿಂತ ಹಿರಿಯದಾದ ಕೆರೆ

(ಹೈದರಾಬಾದಿನ ಅಬಿಡ್ಸ್‌ನಲ್ಲಿ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹೈದರಾಬಾದಿಗೆ ಬರುವ ನಮ್ಮ ನಾಡಿನ ಪ್ರವಾಸಿಗರು ಚಾರ್‌ಮಿನಾರ್, ಗೋಲ್ಕೊಂಡ ಕೋಟೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ ಇವುಗಳನ್ನು ತಪ್ಪದೆ ಸಂದರ್ಶಿಸುತ್ತಾರೆ. ಸಂಜೆ ದೋಣಿವಿಹಾರಕ್ಕೆಂದು ಹುಸೇನ್ ಸಾಗರಕ್ಕೆ ಹೋಗುತ್ತಾರೆ. ಆದರೆ ಕೇವಲ ವಿಹಾರಸ್ಥಳವೆಂದು ನಾವು ಭಾವಿಸುವ ಈ ಕೆರೆಯು ನಗರಕ್ಕಿಂತಲೂ ಹಿರಿಯದಾದ ಸ್ಮಾರಕವೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಷಾನ ಆಳ್ವಿಕೆಯಲ್ಲಿ, 1562ರ ಸುಮಾರಿಗೆ, ಹುಸೇನ್ ಷಾ ವಲಿ ಎಂಬ ಸಂತರ ಮೇಲ್ವಿಚಾರಣೆಯಲ್ಲಿ ಈ ಕೆರೆ ನಿರ್ಮಾಣವಾಯಿತು. ಮೂಸಿ ನದಿಯನ್ನು ಸೇರುವ ಹಳ್ಳವೊಂದಕ್ಕೆ ಅಡ್ಡಲಾಗಿ ಏರಿ ಹಾಕಿ ನೀರನ್ನು ನಿಲ್ಲಿಸಲಾಯಿತು. ಚಾರ್‌ಮಿನಾರ್ ತಲೆಯೆತ್ತಿದ್ದು 1591ರಲ್ಲಿ. ಎಂದರೆ, ಇಲ್ಲಿ ಮೊದಲು ನೀರು ಬಂದಿತು, ಅನಂತರ ನಗರ ಬಂದಿತು. ಅನುವಾದವನ್ನೇ ವೃತ್ತಿಯಾಗಿ ಉಳ್ಳ ನನಗೆ ಈ ಹೆಸರೂ ಪ್ರಿಯವಾದುದು. ಸಂತರೊಬ್ಬರ ಹೆಸರಿಗೆ ಸಂಸ್ಕೃತದ 'ಸಾಗರ' ಸೇರಿ ಒಂದೇ ನುಡಿಯಾಗಿದೆ. ಅದನ್ನು ಯಾವ ಭಾಷೆಗೂ ಅನುವಾದಿಸಬೇಕಾಗಿಲ್ಲ.

ಅಬಿಡ್ಸ್ ಎಂಬ ಹೆಸರು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಅವರ ಅಂಗಡಿಯಿಂದ ಬಂದುದು. ಇಲ್ಲಿಂದ ಉತ್ತರಕ್ಕೆ ಹೊರಟರೆ ವಿಧಾನಸಭಾ ಭವನವನ್ನು ದಾಟಿ ನೌಬತ್ ಪಹಾಡ್ ಎಂಬ ಗುಡ್ಡವನ್ನು ತಲುಪಬಹುದು. ಅಲ್ಲಿ 1976ರಲ್ಲಿ ಪೂರ್ಣಗೊಂಡ ಬಿರ್ಲಾ ಮಂದಿರವು ಬಿಳಿಯ ಅಮೃತಶಿಲೆಯಿಂದ ಶೋಭಿಸುತ್ತದೆ. ಅದರ ಅಂಗಳದಿಂದ ಕೆರೆಯ ಪೂರ್ಣ ನೋಟ ದೊರೆಯುತ್ತದೆ. ದಡದಲ್ಲಿ ಲುಂಬಿನಿ ಉದ್ಯಾನವೂ 2023ರಲ್ಲಿ ಅನಾವರಣಗೊಂಡ 125 ಅಡಿ ಎತ್ತರದ ಅಂಬೇಡ್ಕರ್ ಪ್ರತಿಮೆಯೂ ಇವೆ. ಹೈದರಾಬಾದು ಮತ್ತು ಸಿಕಂದರಾಬಾದುಗಳನ್ನು ಕೂಡಿಸುವ ಏರಿಯ ಮೇಲೆ 1986ರಲ್ಲಿ ಸ್ಥಾಪಿತವಾದ ಮಹನೀಯರ ಪ್ರತಿಮೆಗಳ ಸಾಲಿನಲ್ಲಿ ನಮಗೆ ಚಿರಪರಿಚಿತನಾದ ಶ್ರೀಕೃಷ್ಣದೇವರಾಯನಿಗೂ ಸ್ಥಾನ ದೊರೆತಿದೆ.

ಕೆರೆಯ ನಡುವಣ ಬಂಡೆಯ ಮೇಲೆ ಸುಮಾರು 18 ಮೀಟರ್ ಎತ್ತರದ ಏಕಶಿಲಾ ಬುದ್ಧಮೂರ್ತಿ ನಿಂತಿದೆ. 1990ರ ಮಾರ್ಚ್‌ನಲ್ಲಿ ಸಾಗಿಸುತ್ತಿದ್ದಾಗ ಮೂರ್ತಿ ನೀರಿಗೆ ಜಾರಿ, ಕಾರ್ಯನಿರತರಾಗಿದ್ದ ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಕೆರೆಯ ತಳದಲ್ಲಿದ್ದ ಮೂರ್ತಿಯನ್ನು ಮೇಲೆತ್ತಿ 1992ರ ಡಿಸೆಂಬರ್ 1ರಂದು ಪ್ರತಿಷ್ಠಾಪಿಸಲಾಯಿತು. ಆ ಶಾಂತಮೂರ್ತಿಯನ್ನು ನೋಡುವಾಗ ಮಡಿದ ಆ ಶ್ರಮಜೀವಿಗಳನ್ನೂ ನೆನೆಯುವುದು ನಮ್ಮ ಕರ್ತವ್ಯ.

ಈ ಕೆರೆಯ ಚರಿತ್ರೆ ನಮಗೆ ಹೊರಗಿನದಲ್ಲ. 1956ರ ನವೆಂಬರ್‌ವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಓದಿಗಾಗಿ, ನೌಕರಿಗಾಗಿ ಇಲ್ಲಿಗೆ ಬಂದ ಕನ್ನಡಿಗರು ಅಸಂಖ್ಯ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ನಗರ ತತ್ತರಿಸಿದಾಗ ನಿಜಾಮ ಸರ್ಕಾರ ಸಲಹೆ ಕೋರಿದ್ದು ಕನ್ನಡಿಗರಾದ ವಿಶ್ವೇಶ್ವರಯ್ಯನವರನ್ನು. ನೆರೆಯನ್ನು ತಡೆದು ನೀರನ್ನೂ ಉಳಿಸಬೇಕೆಂಬ ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಅಲ್ಲಿಯವರೆಗೆ ಊರಿಗೆ ಕುಡಿಯುವ ನೀರೊದಗಿಸುತ್ತಿದ್ದ ಹುಸೇನ್ ಸಾಗರ ಕ್ರಮೇಣ ಆ ಹೊಣೆಯಿಂದ ಮುಕ್ತವಾಯಿತು.

ಆಪತ್ತು ಒದಗಿದ್ದು ಅನಂತರವೇ. ಕುಡಿಯದ ನೀರಿನ ಬಗ್ಗೆ ಜನರಿಗೆ ಕಾಳಜಿ ಕಡಿಮೆಯಾಗುತ್ತದೆ. ಕುಕಟ್‌ಪಲ್ಲಿ ನಾಲೆಯ ಮೂಲಕ ಕಾರ್ಖಾನೆಗಳ ತ್ಯಾಜ್ಯ, ಮನೆಗಳ ಕೊಳಚೆ ಕೆರೆಯನ್ನು ಸೇರಿದವು. ದಡದ ಅಂಚುಗಳು ಒತ್ತುವರಿಯಾದವು. ಕೊಳಚೆಯನ್ನು ಬೇರೆಡೆಗೆ ತಿರುಗಿಸುವ, ಶುದ್ಧೀಕರಿಸುವ ಕಾರ್ಯಗಳು ನಡೆದಿವೆ. 2021ರಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯವು ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಇಲ್ಲಿ ವಿಸರ್ಜಿಸುವುದರ ವಿರುದ್ಧ ಆದೇಶ ನೀಡಿತು. ಆದರೆ ಆದೇಶ, ಯಂತ್ರಗಳಿಂದ ಮಾತ್ರವೇ ಕೆರೆ ಉಳಿಯದು.

ಬಾಂಧವರೆ, ಕೆರೆ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ಶಾಸನಗಳಲ್ಲಿ ಕೆತ್ತಿಸಿದ ನಾಡು ನಮ್ಮದು. ಏರಿ, ತೂಬು, ಕೋಡಿ ಎಂಬ ಮಾತುಗಳು ನಮ್ಮ ಹಳ್ಳಿಗರ ನಾಲಗೆಯ ಮೇಲೆ ಇಂದಿಗೂ ಇವೆ. ಮುಂದೆ ಊರಿನಿಂದ ನೆಂಟರು ಬಂದಾಗ ಅವರನ್ನು ಇಲ್ಲಿಗೆ ಕರೆತನ್ನಿ; ಬುದ್ಧಮೂರ್ತಿಯ ಜೊತೆಗೆ ಏರಿಯನ್ನೂ ತೋರಿಸಿ, ಅದರ ವಯಸ್ಸನ್ನು ಮಕ್ಕಳಿಗೆ ಹೇಳಿ. ತಿಂಡಿಯ ಪೊಟ್ಟಣವನ್ನು ನೀರಿಗೆ ಎಸೆಯದಿರಿ, ಹಬ್ಬಕ್ಕೆ ಮಣ್ಣಿನ ಗಣಪನನ್ನೇ ತನ್ನಿ. ನೀರು ಕೆಟ್ಟರೆ ದಡದ ಮೇಲಿನ ಯಾವ ಸ್ಮಾರಕಕ್ಕೂ ಶೋಭೆ ಉಳಿಯುವುದಿಲ್ಲ.