ಫೀಸು ಕಟ್ಟುವ ಮುಂಚೆ ಕೇಳಬೇಕಾದ ಲೆಕ್ಕ

(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ವಿವರವಾಗಿ ಹೇಳಿದ್ದಾರೆ. ನಾನು ಬೇರೆ ವಿಷಯ ಎತ್ತಿಕೊಳ್ಳುತ್ತೇನೆ. ನಾನು ಓದಿರೋದು ಎಸ್.ಎಸ್.ಎಲ್.ಸಿ. ತನಕ. ಕಾಲೇಜಿನ ಪಾಠದ ವಿಚಾರ ಹೇಳುವಷ್ಟು ದೊಡ್ಡವನಲ್ಲ. ಆದರೆ ನಮ್ಮ ಹಾಲಿನ ಬಟವಾಡೆ ಹಣ ಎಲ್ಲಿಗೆ ಹೋಗುತ್ತೆ ಅನ್ನೋದು ನನಗೆ ಗೊತ್ತು. ಮೇ, ಜೂನ್ ಬಂತು ಅಂದರೆ ಕಾಲೇಜಿನ ಫೀಸಿಗೆ ಹೋಗುತ್ತೆ. ಸಾಲದಿದ್ದರೆ ಒಡವೆ ಗಿರವಿಗೆ ಹೋಗುತ್ತೆ, ಕರೆಯುವ ಹಸು ಸಂತೆಗೆ ಹೋಗುತ್ತೆ. ಆದ್ದರಿಂದ ಕೆಲಸ ಕಲಿಸುವ ತಾಂತ್ರಿಕ ಕಾಲೇಜುಗಳ ಬಗ್ಗೆ ಎರಡು ಮಾತು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು, ಏನೇನು ಓದಬಹುದು? ಎಸ್.ಎಸ್.ಎಲ್.ಸಿ. ಆದ ಮೇಲೆ ಐ.ಟಿ.ಐ. ಇದೆ. ವೆಲ್ಡರ್ 1 ವರ್ಷ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್ 2 ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ, ಅಂದರೆ 6 ಸೆಮಿಸ್ಟರ್. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಜಿ.ಟಿ.ಟಿ.ಸಿ. ಎನ್ನುವ ಸರ್ಕಾರಿ ಸಂಸ್ಥೆ 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ 3 ವರ್ಷ ಕಲಿಕೆ, 1 ವರ್ಷ ಕಾರ್ಖಾನೆಯಲ್ಲಿ ತರಬೇತಿ. ಬಿಡದಿಯಲ್ಲಿ ಟೊಯೋಟಾ ಕಂಪನಿ 2007ರಲ್ಲಿ ಒಂದು ತರಬೇತಿ ಶಾಲೆ ತೆರೆಯಿತು. ಹಳ್ಳಿಯ ಬಡ ಮಕ್ಕಳನ್ನು ಆರಿಸಿಕೊಂಡು, ಅಲ್ಲೇ ಇರಿಸಿಕೊಂಡು 3 ವರ್ಷ ಖರ್ಚಿಲ್ಲದೆ ಕಲಿಸುವ ಶಾಲೆ ಅದು. ಸೀಟು ಕಡಿಮೆ, ಪರೀಕ್ಷೆ ಪಾಸಾಗಬೇಕು. ಆದರೆ ಅರ್ಜಿಯನ್ನೇ ಹಾಕದವರಿಗೆ ಎಲ್ಲಿಯ ಸೀಟು?

ನಮ್ಮಲ್ಲಿ ಸರ್ಕಾರಿ ಐ.ಟಿ.ಐ. ಅಂದರೆ ಮೂಗು ಮುರಿಯುವವರಿದ್ದಾರೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐ.ಟಿ.ಐ.ಗಳಿಗೆ ಹೊಸ ಯಂತ್ರ ಹಾಕಿಸಿ ಮೇಲ್ದರ್ಜೆಗೆ ಏರಿಸಿತು. 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆಯೂ ಆಯಿತು. ಅವನ್ನು ಒಂದು ಸಲ ಕಣ್ಣಾರೆ ನೋಡಿ ಬನ್ನಿ, ಆಮೇಲೆ ಮೂಗು ಮುರಿಯೋಣ.

ಇನ್ನು ಖರ್ಚು. ನಾವು ಬೆಳೆಗೆ ಖರ್ಚು ಬರೆಯುವಾಗ ಬೀಜದ ದುಡ್ಡೊಂದೇ ಬರೆಯುತ್ತೇವಾ? ಉಳುಮೆ, ಗೊಬ್ಬರ, ಆಳಿನ ಕೂಲಿ ಎಲ್ಲಾ ಬರೆಯುತ್ತೇವೆ. ಕಾಲೇಜಿಗೂ ಹಾಗೇ ಬರೆಯಬೇಕು. ಫೀಸಿನ ಜೊತೆ ಪರೀಕ್ಷೆ ಶುಲ್ಕ, ಯೂನಿಫಾರಂ, ಪುಸ್ತಕ, ರೂಮು ಬಾಡಿಗೆ, ಊಟ, ಬಸ್ಸು ಎಲ್ಲವೂ ಸೇರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಮಗಳನ್ನು ಪೇಟೆಯ ಪಾಲಿಟೆಕ್ನಿಕ್‌ಗೆ ಕಳಿಸಲು ಬಸ್ ಚಾರ್ಜಿನ ನೆಪ ಈಗ ನಡೆಯೋದಿಲ್ಲ.

ಸಾಲ ಮಾಡಲೇಬೇಕಾದರೆ ಕೈಸಾಲದ ಬಡ್ಡಿಗೆ ಕೈ ಹಾಕಬೇಡಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಆಸ್ತಿ ಅಡಮಾನ ಕೇಳುವಂತಿಲ್ಲ. ಓದುವಾಗ ಕಂತು ಇರುವುದಿಲ್ಲ, ಆದರೆ ಸಾಮಾನ್ಯವಾಗಿ ಬಡ್ಡಿ ಬೆಳೆಯುತ್ತಲೇ ಇರುತ್ತೆ. ಇದು ನೆನಪಿರಲಿ.

ಮೂರನೆಯದು, ಮುಖ್ಯವಾದದ್ದು: ಓದಿ ಹೊರಬಂದ ಮೇಲೆ ಏನು? "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಬಸ್‌ಸ್ಟ್ಯಾಂಡ್‌ನಲ್ಲಿ ಬ್ಯಾನರ್ ಕಟ್ಟಿರುತ್ತಾರೆ. ಡಿಪ್ಲೊಮಾ ಪಾಸಾಗಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ಗರಿಷ್ಠ 2 ವರ್ಷ ಕೊಡುವ ಯುವನಿಧಿ ಯೋಜನೆಗೆ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿತು. ಪಾಸಾದವರಿಗೆಲ್ಲಾ ಕೆಲಸ ಕಾದು ಕೂತಿದ್ದರೆ ಈ ಯೋಜನೆ ಏಕೆ ಬೇಕಿತ್ತು?

ಆದ್ದರಿಂದ ಕಾಲೇಜಿನವರನ್ನು ಧೈರ್ಯವಾಗಿ ಕೇಳಿ. ಹೋದ ವರ್ಷದ ತಂಡದಲ್ಲಿ ಸೇರಿದವರೆಷ್ಟು, ಪಾಸಾದವರೆಷ್ಟು? ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಯಾವ ಕಂಪನಿಯಲ್ಲಿ? ಕಂಪನಿಯ ರೋಲ್‌ನಲ್ಲೋ, ಕಂಟ್ರಾಕ್ಟರ್ ಕೈಕೆಳಗೋ? ಒಂದು ವರ್ಷ ಆದ ಮೇಲೂ ಅಲ್ಲೇ ಇದ್ದಾರಾ? ಡಿಪ್ಲೊಮಾಕ್ಕೆ ಎ.ಐ.ಸಿ.ಟಿ.ಇ. ಮಾನ್ಯತೆ ಇದೆಯೇ? ಐ.ಟಿ.ಐ. ಆದರೆ ನಮ್ಮ ಹುಡುಗ ಸೇರುವ ಟ್ರೇಡಿಗೇ ಮಾನ್ಯತೆ ಇದೆಯೇ? ಕಾಗದ ತೋರಿಸಿ ಅನ್ನಿ. ನಾವು ಒಂದು ಲೀಟರ್ ಹಾಲನ್ನೂ ಲ್ಯಾಕ್ಟೋಮೀಟರ್ ಹಾಕದೆ ತೆಗೆದುಕೊಳ್ಳೋದಿಲ್ಲ. ಮಗನ ಮೂರು ವರ್ಷವನ್ನು ಪರೀಕ್ಷೆ ಮಾಡದೆ ಕೊಡುವುದೇ?

ಅಪ್ರೆಂಟಿಸ್ ತರಬೇತಿಯನ್ನೂ ಮರೆಯಬೇಡಿ. 1961ರ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. 2019ರಲ್ಲಿ ಕೇಂದ್ರ ಸರ್ಕಾರ ಐ.ಟಿ.ಐ. ಆದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಭತ್ಯೆ ನಿಗದಿ ಮಾಡಿತು. ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತಿಲ್ಲ. ಆದರೂ ಕೈಗೆ ಕೆಲಸ ಹತ್ತುತ್ತೆ, ಕೈಯಲ್ಲಿ ಸರ್ಟಿಫಿಕೇಟ್ ಇರುತ್ತೆ.

ನಮ್ಮ ಸದಸ್ಯರೊಬ್ಬರ ಮಗ ಒಂದು ಖಾಸಗಿ ಕಾಲೇಜಿಗೆ ಸೇರಿದ. ಎರಡನೇ ವರ್ಷ ಫೀಸು ಬಾಕಿಯಾಯಿತು. ಬಿಡುತ್ತೇನೆ ಅಂದರೆ ಅಸಲು ಮಾರ್ಕ್ಸ್ ಕಾರ್ಡ್ ವಾಪಸ್ ಕೊಡಲಿಲ್ಲ. ಹಾಗೆ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ಎ.ಐ.ಸಿ.ಟಿ.ಇ. ನಿಯಮ ಆ ತಂದೆಗೆ ಗೊತ್ತಿರಲಿಲ್ಲ. ಎರಡು ಹಸು ಮಾರಿ ಬಿಡಿಸಿಕೊಂಡು ಬಂದರು. ಆ ಮನೆಯಿಂದ ಸಂಘಕ್ಕೆ ಬರುತ್ತಿದ್ದ ಹಾಲು ಅರ್ಧಕ್ಕಿಳಿಯಿತು. ಇದು ಅವರೊಬ್ಬರ ಕಷ್ಟ ಅಲ್ಲ, ಸಂಘದ ಕಷ್ಟವೂ ಹೌದು.

ಆದುದರಿಂದ ನನ್ನದೊಂದು ಸಲಹೆ. ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡೋಣ. ಊರಿನ ಯಾವ ಮಗು ಯಾವ ಕಾಲೇಜಿನಲ್ಲಿ ಏನು ಓದಿತು, ಒಟ್ಟು ಎಷ್ಟು ಖರ್ಚಾಯಿತು, ಈಗ ಏನು ಕೆಲಸ, ಎಷ್ಟು ಸಂಬಳ ಅಂತ ಮನೆಯವರ ಒಪ್ಪಿಗೆ ಪಡೆದು ಬರೆಯೋಣ. ಮುಂದೆ ಸೇರುವವರು ಬ್ಯಾನರ್ ನೋಡುವ ಬದಲು ಅದನ್ನು ನೋಡಲಿ. ಇದಕ್ಕೆ ಬೇಕಾಗಿರೋದು ಒಂದು ನೋಟ್‌ಬುಕ್, ಒಂದು ಪೆನ್ನು ಅಷ್ಟೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಮನವಿ ಮಾಡುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.