ಲಾರಿ ಎಂಜಿನ್ ಎಷ್ಟು ಲಕ್ಷ ಕಿಲೋಮೀಟರ್ ಬಾಳುತ್ತೆ?

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮಾಡಿದ್ದು ಮಾತ್ರ ಮೆಕ್ಯಾನಿಕಲ್‌ನಲ್ಲಿ. ಹಾಗಾಗಿ ಇವತ್ತು ಕೋಡ್ ಬಿಟ್ಟು ಲಾರಿ ಎಂಜಿನ್ ಬಗ್ಗೆ ಮಾತಾಡ್ತೀನಿ.

ನಮ್ಮಲ್ಲಿ ಬಹಳ ಜನ ಶುಕ್ರವಾರ ರಾತ್ರಿ ವಾಕಡ್‌ನಲ್ಲಿ ಬಸ್ ಹತ್ತಿ ಊರಿಗೆ ಹೋಗೋರು. ಖಂಬಾಟ್ಕಿ ಘಾಟ್‌ನಲ್ಲಿ ಬಸ್ ನಿಧಾನ ಆದಾಗ ಪಕ್ಕದಲ್ಲಿ ಲೋಡ್ ಲಾರಿಗಳು ಏದುಸಿರು ಬಿಡುತ್ತಾ ಹತ್ತೋದನ್ನ ನೋಡಿರ್ತೀರಿ. ಹತ್ತು ವರ್ಷ ಹೀಗೇ ದುಡಿದರೂ ಆ ಎಂಜಿನ್ ಹೇಗೆ ಬದುಕಿರುತ್ತೆ ಅಂತ ಯೋಚಿಸಿದ್ದೀರಾ?

ಒಂದು ಸಣ್ಣ ಲೆಕ್ಕ ಹಾಕೋಣ. ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗ್ತಿದೆ, ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗ್ತಿದೆ ಅಂದ್ಕೊಳ್ಳಿ. ಅಂದ್ರೆ ಒಂದು ಕಿಲೋಮೀಟರ್‌ಗೆ 1,500 ಸುತ್ತು. 5 ಲಕ್ಷ ಕಿ.ಮೀ. ಓಡೋ ಹೊತ್ತಿಗೆ 75 ಕೋಟಿ ಸುತ್ತು. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರ್‌ನಲ್ಲೂ ಡೀಸೆಲ್ ಉರಿಯುತ್ತೆ. ಅಂದ್ರೆ ಒಂದೊಂದು ಪಿಸ್ಟನ್ ತಲೆ ಮೇಲೂ 37 ಕೋಟಿಗಿಂತ ಹೆಚ್ಚು ಏಟು!

ಇದನ್ನೆಲ್ಲ ತಡ್ಕೊಳ್ಳೋಕೆ ಕಾರಣಗಳಿವೆ. ಲಾರಿ ಎಂಜಿನ್ ನಿಧಾನಕ್ಕೆ ತಿರುಗುತ್ತೆ. ಅದರ ಕ್ರ್ಯಾಂಕ್, ಬೇರಿಂಗ್, ಬ್ಲಾಕ್ ಎಲ್ಲಾ ದಪ್ಪ. ಜೊತೆಗೆ ಹೆಚ್ಚಿನ ಲಾರಿಗಳಲ್ಲಿ ಸಿಲಿಂಡರ್ ಒಳಗೋಡೆ ಬೇರೆಯೇ ಇರುತ್ತೆ. ಅದಕ್ಕೆ ಲೈನರ್ ಅಂತಾರೆ. ಸವೆದರೆ ಹಳೇದನ್ನ ತೆಗೆದು ಹೊಸ ಲೈನರ್, ಪಿಸ್ಟನ್, ರಿಂಗ್ ಹಾಕಿ ಎಂಜಿನ್‌ಗೆ ಇನ್ನೊಂದು ಆಯಸ್ಸು ಕೊಡಬಹುದು.

ತಯಾರಕರು ಬಿ10 ಅನ್ನೋ ಒಂದು ಅಂಕಿ ಕೊಡ್ತಾರೆ. 100 ಎಂಜಿನ್‌ಗಳಲ್ಲಿ 10 ಎಂಜಿನ್ ದೊಡ್ಡ ರಿಪೇರಿಗೆ ಬರೋ ಹೊತ್ತಿಗೆ ಓಡಿರೋ ದೂರ ಅದು. ಉಳಿದ 90 ಇನ್ನೂ ಓಡ್ತಿರುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪರ್ಸೆಂಟೈಲ್. ಹೆದ್ದಾರಿಯಲ್ಲಿ ದೂರ ಓಡೋ 13 ಲೀಟರ್ ಆಸುಪಾಸಿನ ದೊಡ್ಡ ಎಂಜಿನ್‌ಗಳಿಗೆ ಇದು ಸುಮಾರು ಹತ್ತು ಲಕ್ಷ ಮೈಲಿ, ಅಂದ್ರೆ 16 ಲಕ್ಷ ಕಿ.ಮೀ.ವರೆಗೂ ಹೋಗುತ್ತೆ.

ಈಗ ನಮ್ಮನೆ ಕಥೆ ಹೇಳ್ತೀನಿ. ನಮ್ಮ ಎಂಜಿನ್ 40 ಸಾವಿರಕ್ಕೇ ಸತ್ತಿತು.

ನಮ್ಮೂರು ಹೊಸಪೇಟೆ. 2006ರ ಹೊತ್ತು, ಅದಿರಿನ ಕಾಲ. ಸಂಡೂರಿನ ಕಡೆಯಿಂದ ಹಗಲೂ ರಾತ್ರಿ ಲಾರಿಗಳ ಸಾಲು. ರಸ್ತೆ ಬದಿಯ ಮರ, ಮನೆ, ಮನುಷ್ಯರು ಎಲ್ಲಾ ಕೆಂಪು. ಅಪ್ಪನ ಹತ್ರ ಒಂದೇ ಒಂದು ಹಳೇ ಹತ್ತು ಚಕ್ರದ ಟಿಪ್ಪರ್ ಇತ್ತು. ಸಾಲ ಮಾಡಿ ಎಂಜಿನ್‌ಗೆ ಹೊಸ ಲೈನರ್-ಪಿಸ್ಟನ್ ಕಿಟ್ ಹಾಕಿಸಿದ್ದರು. ಕಡಿಮೆ ಅಂದ್ರೂ ಮೂರು ಲಕ್ಷ ಕಿ.ಮೀ. ಚಿಂತೆಯಿಲ್ಲ ಅಂತ ಮೇಸ್ತ್ರಿ ಹೇಳಿದ್ದ.

40 ಸಾವಿರ ಮುಗಿಯೋ ಅಷ್ಟರಲ್ಲಿ ಗಾಡಿ ಆಯಿಲ್ ಕುಡಿಯೋಕೆ ಶುರು ಮಾಡ್ತು. ನೀಲಿ ಹೊಗೆ. ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗಿಂದ ಬುಸುಬುಸು ಹೊಗೆ. ಬಿಚ್ಚಿ ನೋಡಿದ್ರೆ ಲೈನರ್‌ನ ಮೇಲ್ಭಾಗದಲ್ಲಿ ಉಗುರಿಗೆ ಸಿಗೋ ಅಂಥ ಮೆಟ್ಟಿಲು, ರಿಂಗುಗಳು ಬ್ಲೇಡಿನ ಹಾಗೆ ತೆಳ್ಳಗೆ.

ಅಪ್ಪ ಡ್ರೈವರ್ ಮಾಮನ ಮೇಲೆ ಎಗರಾಡಿದರು. "ಟ್ರಿಪ್ ಆಸೆಗೆ ರೇಸ್ ಮಾಡಿ ಮಾಡಿ ಎಂಜಿನ್ ತಿಂದುಹಾಕಿದೆ!" ಎರಡು ತಿಂಗಳ ಸಂಬಳ ಹಿಡಿದುಕೊಂಡು ಕೆಲಸದಿಂದ ಬಿಡಿಸಿದರು. ಲಾರಿ ಜನರ ಮಧ್ಯೆ ಸುದ್ದಿ ಹಬ್ಬೋಕೆ ಎಷ್ಟು ಹೊತ್ತು? ಆ ಸೀಸನ್ ಪೂರ್ತಿ ಅವನಿಗೆ ಯಾವ ಮಾಲೀಕನೂ ಗಾಡಿ ಕೊಡಲಿಲ್ಲ.

ಅಲ್ಲೇ ಗ್ಯಾರೇಜಿನಲ್ಲಿ ಮೇಸ್ತ್ರಿ ಇನ್ನೊಂದು ಕೆಲಸ ಮಾಡಿದ. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗೋ ರಬ್ಬರ್ ಪೈಪ್ ಒಳಗೆ ಬೆರಳು ಆಡಿಸಿದ. ಬೆರಳು ಕೆಂಪಾಯ್ತು. "ಧೂಳು ಕುಡಿದಿದೆ" ಅಂದ. ಸಿಟ್ಟಿನಲ್ಲಿದ್ದ ಅಪ್ಪನಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು.

ಯಾಕಂದ್ರೆ ಕಾಲೇಜು ರಜೆಗೆ ಬಂದಾಗ ಆ ಫಿಲ್ಟರ್ ಬಿಚ್ಚಿದ್ದು ನಾನು. ಅಪ್ಪನಿಗೆ ಸಹಾಯ ಮಾಡೋಣ ಅಂತ. ಟೈರಿಗೆ ಟಪಟಪ ಬಡಿದು ಧೂಳು ಉದುರಿಸಿದೆ, ಮತ್ತೆ ಕೂರಿಸಿದೆ, ಪೈಪಿನ ಕ್ಲಿಪ್ ಕೈಯಲ್ಲೇ ತಿರುಗಿಸಿ ಬಿಟ್ಟೆ. ಸ್ಕ್ರೂ ಡ್ರೈವರ್ ಹುಡುಕೋಕೆ ಸೋಮಾರಿತನ. ಅವತ್ತು ಗ್ಯಾರೇಜಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಆ ಒಂದು ಕ್ಲಿಪ್ ಏನು ಮಾಡುತ್ತೆ ಅಂತ ಪೂರ್ತಿ ಅರ್ಥ ಆಗಿದ್ದು ಎಂ.ಟೆಕ್‌ನಲ್ಲಿ. 6 ಲೀಟರ್ ಎಂಜಿನ್ 2,000 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 6,000 ಲೀಟರ್ ಗಾಳಿ ಎಳ್ಕೊಳ್ಳುತ್ತೆ. ಟರ್ಬೊ ಇದ್ರೆ ಇನ್ನೂ ಜಾಸ್ತಿ. ರಿಂಗ್ ಮತ್ತು ಲೈನರ್ ನಡುವೆ ಇರೋ ಆಯಿಲ್ ಪದರದ ದಪ್ಪ ಕೆಲವೇ ಮೈಕ್ರಾನ್. ಅದಕ್ಕಿಂತ ದಪ್ಪದ ಗಟ್ಟಿ ಧೂಳಿನ ಕಣ ಒಳಗೆ ಹೋದ್ರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ. ಅಲ್ಲಿಂದ ಆಯಿಲ್‌ಗೆ ಇಳಿದು ಬೇರಿಂಗ್‌ಗಳನ್ನೂ ತಿನ್ನುತ್ತೆ.

ಇನ್ನೊಂದು ವಿಷಯ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಸ್ವಲ್ಪ ಧೂಳು ಹಿಡಿದ ಕಾಗದದ ಫಿಲ್ಟರ್ ಹೊಚ್ಚ ಹೊಸ ಫಿಲ್ಟರ್‌ಗಿಂತ ಚೆನ್ನಾಗಿ ಸೋಸುತ್ತೆ. ಪದೇ ಪದೇ ಬಿಚ್ಚಿ ಬಡಿಯೋದ್ರಿಂದ ಕಾಗದ ಹರಿಯುತ್ತೆ, ಸೀಲ್ ಹಾಳಾಗುತ್ತೆ. ಇಂಡಿಕೇಟರ್ ಕೆಂಪು ತೋರಿಸಿದಾಗ ಬದಲಾಯಿಸೋದೇ ಸರಿ. ಅತಿ ಆರೈಕೆಯೂ ಎಂಜಿನ್ ಕೊಲ್ಲುತ್ತೆ.

ಧೂಳು ಒಂದೇ ಅಲ್ಲ. ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕ್ತಾರೆ. ಏಟು ಬಿದ್ದಾಗಲೆಲ್ಲ ಲೈನರ್ ನಡುಗುತ್ತೆ, ಅದರ ಹೊರಮೈಗೆ ತಾಗಿರೋ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತೆ. ಆ ಗುಳ್ಳೆಗಳು ಕಬ್ಬಿಣವನ್ನೇ ಕೊರೆದು ತೂತು ಮಾಡ್ತವೆ. ಒಳ್ಳೆ ಕೂಲೆಂಟ್‌ನಲ್ಲಿರೋ ರಾಸಾಯನಿಕ ಇದನ್ನ ತಡೆಯುತ್ತೆ. ಘಾಟ್ ಹತ್ತಿದ ತಕ್ಷಣ ಎಂಜಿನ್ ಆಫ್ ಮಾಡಿದ್ರೆ ಕಾದ ಟರ್ಬೊದಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಎರಡು ಮೂರು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಹಾಗಂತ ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದ್ರೆ ಎಂಜಿನ್ ತಣ್ಣಗಾಗಿ ಡೀಸೆಲ್ ಪೂರ್ತಿ ಉರಿಯಲ್ಲ, ಆಯಿಲ್‌ಗೆ ಮಸಿ ಸೇರುತ್ತೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೈಲೆನ್ಸರ್ ಕಡೆ ಇರೋ ಮಸಿ ಫಿಲ್ಟರ್ ಕೂಡ ಕಟ್ಟಿಕೊಳ್ಳುತ್ತೆ.

ಇನ್ನು ಕಿಲೋಮೀಟರ್ ಲೆಕ್ಕವೇ ಮೋಸ. ಹೆದ್ದಾರಿಯಲ್ಲಿ 50ರ ವೇಗದಲ್ಲಿ 10 ಸಾವಿರ ಕಿ.ಮೀ. ಅಂದ್ರೆ 200 ಗಂಟೆ ದುಡಿಮೆ. ಗಣಿ ರಸ್ತೆಯಲ್ಲಿ 20ರ ವೇಗದಲ್ಲಿ ಅದೇ ದೂರಕ್ಕೆ 500 ಗಂಟೆ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತೆ. ಆಯಿಲ್ ಬದಲಾಯಿಸೋದನ್ನ ಗಂಟೆ ಲೆಕ್ಕದಲ್ಲಿ ಮಾಡಬೇಕಾಗಿದ್ದು ನಮ್ಮಂಥ ಗಾಡಿಗಳಿಗೆ.

ಡ್ರೈವರ್ ಕೈ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಎಂಜಿನ್ ಬಿಸಿ ಆದ್ರೂ ಎಳೆದ್ರೆ, ಓವರ್‌ಲೋಡ್ ಹಾಕಿ ಎತ್ತರದ ಗೇರ್‌ನಲ್ಲಿ ಉಸಿರುಗಟ್ಟಿಸಿದ್ರೆ ಆಯಸ್ಸು ಕಡಿಮೆ ಆಗೇ ಆಗುತ್ತೆ. ಆದರೆ ಎಂಜಿನ್ ನಿಧಾನಕ್ಕೆ ಸಾಯುತ್ತೆ. ತಪ್ಪು ನಡೆದ ದಿನಕ್ಕೂ ಹೊಗೆ ಕಾಣೋ ದಿನಕ್ಕೂ ತಿಂಗಳುಗಳ ಅಂತರ. ಹೊಗೆ ಕಂಡ ದಿನ ಸ್ಟೀರಿಂಗ್ ಹಿಂದೆ ಯಾರಿದ್ದರೋ ಅವರೇ ಕಳ್ಳ.

ಎಂ.ಟೆಕ್ ಮುಗಿದ ವರ್ಷ ಅಪ್ಪನಿಗೆ ಎಲ್ಲಾ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಇಬ್ಬರೂ ಮರಿಯಮ್ಮನಹಳ್ಳಿಗೆ ಡ್ರೈವರ್ ಮಾಮನ ಮನೆಗೆ ಹೋದ್ವಿ. ಆಗ ಅವನು ಶಾಲೆ ಬಸ್ ಓಡಿಸ್ತಿದ್ದ. ಅಪ್ಪ ಎರಡು ತಿಂಗಳ ಸಂಬಳ, ಅದಕ್ಕೆ ಇನ್ನಷ್ಟು ಸೇರಿಸಿ ಕೊಟ್ಟರು. ಅವನು ಬೇಡ ಅನ್ನಲಿಲ್ಲ. ಎಣಿಸಿ ಒಳಗಿಟ್ಟು ಬಂದು ನನ್ನ ಕಡೆ ತಿರುಗಿ ಹೇಳಿದ:

"ಗಾಡಿ ಎತ್ತೋ ಮುಂಚೆ ಕ್ಲಿಪ್ ಮುಟ್ಟಿ ನೋಡ್ಬೇಕಿತ್ತು, ಅದು ನಂದೇ ತಪ್ಪು. ಆದ್ರೆ ಅವತ್ತು ನೀನು ಬಾಯಿ ಬಿಡಬೇಕಿತ್ತಪ್ಪ. ಒಂದು ವರ್ಷ ನಾನು ಮನೇಲಿ ಕೂತೆ."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಸ್ನೇಹಿತರೇ, ನಿಮ್ಮಲ್ಲಿ ಕೆಲವರ ಊರಿನ ಮನೆಯಲ್ಲಿ ಇವತ್ತಿಗೂ ಲಾರಿ, ಟ್ರ್ಯಾಕ್ಟರ್ ಇರುತ್ತೆ, ಬೋರ್ ಕೊರೆಯೋ ಗಾಡಿ ಇರುತ್ತೆ. ಎಂಜಿನ್ ಬೇಗ ಕೈಕೊಟ್ಟರೆ ಯಾರು ಓಡಿಸಿದ್ದು ಅಂತ ಕೇಳೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಅದು ಎಂಥ ಗಾಳಿ ಎಳೀತು? ಎಂಥ ಆಯಿಲ್, ಎಂಥ ನೀರು ಕುಡೀತು? ಎಷ್ಟು ಗಂಟೆ ದುಡೀತು? ಕೊನೆಯದಾಗಿ ಬಿಚ್ಚಿ ಜೋಡಿಸಿದ್ದು ಯಾರು?

ಆ ಕೊನೇ ಪ್ರಶ್ನೆಗೆ ಉತ್ತರ ನೀವೇ ಆಗಿದ್ರೆ, ಅವತ್ತೇ ಹೇಳಿಬಿಡಿ.